ಮಾಲಕಂಸದಲ್ಲಿ ಪಂಚಮ

ಮಾಲಕಂಸಕ್ಕೆ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ, ಇವೈದೇ ಅದರ ಆಸ್ತಿ. ಹಿಂದುಸ್ತಾನಿ ಗಾಯನ ಕೇಳುತ್ತ ಬೆಳೆದ ವಿಜಯಪುರ ಸೀಮೆಯವರಿಗೆ ರಾಗದ ಹೆಸರು ಗೊತ್ತಿರಲಿ ಬಿಡಲಿ, ಅದರ ನಡೆ ಗೊತ್ತು. ಅಂಥ ಕಿವಿ ಮೊದಲ ಸಲ ಸಂಪೂರ್ಣ ಮಾಲಕಂಸ ಕೇಳಿದಾಗ ತಬ್ಬಿಬ್ಬಾಗುತ್ತದೆ. ಗಾಂಭೀರ್ಯವೆಲ್ಲ ಮಾಲಕಂಸದ್ದೇ; ಆದರೆ ನಡುವೆ ರಿಷಭ ಸುಳಿಯುತ್ತದೆ, ಬರಬಾರದ ಪಂಚಮ ಬಂದು ನಿಲ್ಲುತ್ತದೆ. ಹಾಡುವವರು ತಪ್ಪಿದರೇ ಎಂಬ ಅನುಮಾನ ಏಳುವಷ್ಟರಲ್ಲಿ ಹಾಡು ಮುಂದೆ ಹೋಗಿಬಿಟ್ಟಿರುತ್ತದೆ. ಇದು ಪಂಡಿತರ ಸಂಗೀತ, ನಮ್ಮದಲ್ಲ ಎಂದು ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಸಂಪೂರ್ಣ ಮಾಲಕಂಸ ಹಾಡುವ ಜೈಪುರ-ಅತ್ರೌಲಿ ಘರಾಣೆಯ, ಎಂದರೆ ಆ ಗಾಯನ ಪರಂಪರೆಯ, ಬಗ್ಗೆ ನಮ್ಮಲ್ಲಿ ಬೇರೂರಿರುವ ಈ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಆ ಸಂಗೀತದ ಕಷ್ಟ ನೆನಪಿಗೆ ಸಂಬಂಧಿಸಿದ್ದು, ಶಾಸ್ತ್ರಜ್ಞಾನಕ್ಕಲ್ಲ. ಅದನ್ನು ನೀಗಿಸುವ ದಾರಿ ಒಂದೇ: ಅದೇ ಹಾಡನ್ನು ಮತ್ತೆ ಮತ್ತೆ ಕೇಳುವುದು. ಧ್ವನಿಮುದ್ರಣ ಬಂದ ಮೇಲೆ ಆ ದಾರಿ ಎಲ್ಲರಿಗೂ ತೆರೆದಿದೆ.

ಕಷ್ಟ ಎಲ್ಲಿದೆ ಎಂಬುದನ್ನು ಮೊದಲು ಸರಿಯಾಗಿ ಗುರುತಿಸಬೇಕು. ಉತ್ತರ ಕರ್ನಾಟಕದ ಕಿವಿಯನ್ನು ಬಹುಮಟ್ಟಿಗೆ ತಿದ್ದಿದ್ದು ಕಿರಾಣಾ ಘರಾಣೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ನಮಗೆ ಒಂದು ಕ್ರಮವನ್ನು ರೂಢಿ ಮಾಡಿಕೊಟ್ಟರು. ವಿಲಂಬಿತ ಲಯ; ಒಂದೊಂದೇ ಸ್ವರ ಮೇಲೇರುವ ಬಢತ್; ಒಂದು ಸ್ವರದ ಮೇಲೆ ಕೂತು ಅದರ ಸುತ್ತೆಲ್ಲ ಓಡಾಡಿ, ಕೇಳುವವರಿಗೆ ಅದು ಪೂರ್ತಿ ದಕ್ಕಿದ ಮೇಲೆ ಮುಂದಿನದಕ್ಕೆ ಕೈ ಹಾಕುವ ತಾಳ್ಮೆ. ಜೈಪುರದವರು ಈ ಏಣಿ ಇಡುವುದಿಲ್ಲ. ಚಿಕ್ಕದೊಂದು ಆಲಾಪ ಮುಗಿಯಿತೋ ಇಲ್ಲವೋ ಬಂದಿಶ್ ಶುರುವಾಗುತ್ತದೆ. ಹದಿನಾರು ಮಾತ್ರೆಯ ತೀನ್‌ತಾಳ ನಡುಹದದ ವೇಗದಲ್ಲಿ ಓಡುತ್ತಿರುತ್ತದೆ. ಸ್ವರಗಳು ಒಂಟಿಯಾಗಿ ಬರದೆ ಗೊಂಚಲಾಗಿ ಬರುತ್ತವೆ. ಒಂದು ಸುತ್ತಿನ ಬಾಲ ಇನ್ನೊಂದು ಸುತ್ತಿನ ತಲೆಗೆ ಹೆಣೆದುಕೊಂಡು, ಮಾತ್ರೆಗಳ ಗೆರೆ ದಾಟಿ, ಕೊನೆಗೆ ತಾಳದ ಮೊದಲ ಮಾತ್ರೆಯಾದ ಸಮ್ ಮೇಲೆ ಬಂದು ಇಳಿಯುತ್ತವೆ. ಕಿರಾಣಾದ ನಿರೀಕ್ಷೆ ಹೊತ್ತು ಕೂತವರಿಗೆ ಇದು ಗೊಂದಲವಾಗಿ ಕೇಳುವುದು ಸಹಜ. ಆದರೆ ಗೊಂದಲ ಇರುವುದು ನಿರೀಕ್ಷೆಯಲ್ಲಿ.

ಅದರ ಮೇಲೆ ಜೋಡರಾಗಗಳು. ಬಸಂತಿ ಕೇದಾರವನ್ನೇ ನೋಡಿ. ಬಸಂತಕ್ಕೆ ಕೋಮಲ ರಿಷಭ, ಕೋಮಲ ಧೈವತ. ಕೇದಾರದಲ್ಲಿ ಅವೆರಡೂ ಶುದ್ಧ, ಮೇಲಾಗಿ ಷಡ್ಜದಿಂದ ಮಧ್ಯಮಕ್ಕೆ ಒಂದೇ ನೆಗೆತ. ಎರಡಕ್ಕೂ ಎರಡು ಮಧ್ಯಮಗಳಿವೆ, ಬೆಸುಗೆಗೆ ಜಾಗ ಸಿಗುವುದು ಅಲ್ಲೇ. ಇಂಥದ್ದನ್ನು ಮಿಶ್ರಣ ಎನ್ನುವವರಿದ್ದಾರೆ. ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಿಗೆ ಇದಕ್ಕಿಂತ ಸರಿಯಾದ ಮಾತು ಗೊತ್ತು: ಕಸಿ. ಬರ ತಾಳಿಕೊಳ್ಳುವ ಡಾಗ್‌ರಿಡ್ಜ್ ಬೇರಿನ ಮೇಲೆ ಥಾಮ್ಸನ್ ತಳಿ ಕೂಡಿಸಿದರೆ ಎರಡೂ ಕಲಸಿಹೋಗುವುದಿಲ್ಲ. ಬೇರು ಬೇರಿನ ಕೆಲಸ ಮಾಡುತ್ತದೆ, ಬಳ್ಳಿ ಬಳ್ಳಿಯದು, ಜೀವ ಮಾತ್ರ ಒಂದೇ ಆಗಿ ಹರಿಯುತ್ತದೆ. ಜೋಡರಾಗ ನಿಲ್ಲುವುದೂ ಬೀಳುವುದೂ ಕಸಿ ಕಟ್ಟಿದ ಆ ಗಂಟಿನಲ್ಲೇ. ಅದು ಕಿವಿಗೆ ಸಿಗಬೇಕಾದರೆ ಎರಡೂ ರಾಗಗಳ ರೂಪ ಮೊದಲೇ ಮನಸ್ಸಿನಲ್ಲಿರಬೇಕು. ನೆನಪಿನ ಪ್ರಶ್ನೆ ಎಂದದ್ದು ಈ ಅರ್ಥದಲ್ಲಿ.

ಈ ಗಾಯನಶೈಲಿಯನ್ನು ಕಟ್ಟಿದ ಅಲ್ಲಾದಿಯಾ ಖಾನರು (1855–1946) ನಮ್ಮ ಪಕ್ಕದ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಆಸ್ಥಾನ ಗಾಯಕರಾಗಿದ್ದವರು. ಅತಿಯಾಗಿ ಹಾಡಿ ದನಿ ಕೆಟ್ಟಾಗ, ಉಳಿದ ದನಿಗೆ ಒಗ್ಗುವಂತೆ ಹೊಸ ಮಾರ್ಗ ರೂಪಿಸಿಕೊಂಡರೆಂದು ಪರಂಪರೆ ಹೇಳುತ್ತದೆ. ಅವರ ಧ್ವನಿಮುದ್ರಿಕೆ ನಮಗೆ ಉಳಿದಿಲ್ಲ. ಆ ವಿದ್ಯೆ ಕನ್ನಡ ನಾಡಿಗೆ ಬಂದದ್ದು ಅವರ ಮಕ್ಕಳಾದ ಮಂಜೀ ಖಾನ್, ಭೂರ್ಜೀ ಖಾನರಿಂದ, ಧಾರವಾಡ ಹತ್ತಿರದ ಮನ್ಸೂರಿನ ಮಲ್ಲಿಕಾರ್ಜುನರ (1910–1992) ಮೂಲಕ. ಮೀರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಶೈಲಿ ಕಲಿತು, ಆಗಲೇ ಹೆಸರು ಮಾಡಿದ್ದ ಮನ್ಸೂರರು ಮಂಜೀ ಖಾನರ ಎದುರು ಮತ್ತೆ ಶಿಷ್ಯರಾಗಿ ಕೂತರು. ಗುರು 1937ರಲ್ಲಿ ತೀರಿಕೊಂಡರು. ಮುಂದಿನ ಪಾಠ ಭೂರ್ಜೀ ಖಾನರಿಂದ. ಶುದ್ಧ ನಟ, ಬಿಹಾರಿ, ಶಿವಮತ ಭೈರವ, ಖಟ್, ಹೀಗೆ ಬೇರೆಡೆ ಅಪರೂಪವಾದ ರಾಗಗಳು ಮನ್ಸೂರರ ಬಾಯಲ್ಲಿ ದಿನಬಳಕೆಯ ಮಾತಾದವು. ರೈತ ಮನೆತನದಿಂದ ಬಂದು, ಎಳವೆಯಲ್ಲೇ ನಾಟಕ ಮಂಡಳಿಯಲ್ಲಿ ಹಾಡಿದವರು ಅವರು. ಅಪ್ರಚಲಿತ ರಾಗ ಅರಮನೆಯ ಹೊಸ್ತಿಲು ದಾಟದು ಎನ್ನುವವರು ಈ ಸಂಗತಿಯನ್ನು ಮರೆಯಬಾರದು.

ಕಷ್ಟದ ಸಂಗೀತಕ್ಕೆ ಮರುಕೇಳ್ವೆಯೇ ಮದ್ದು ಎಂಬುದನ್ನು ಬೇರೆ ನಾಡಿನವರೂ ಕಂಡುಕೊಂಡಿದ್ದಾರೆ. ವಿಯೆನ್ನಾದಲ್ಲಿ 1908ರಲ್ಲಿ ಅರ್ನಾಲ್ಡ್ ಶೋನ್‌ಬರ್ಗ್‌ನ ಎರಡನೆಯ ಸ್ಟ್ರಿಂಗ್ ಕ್ವಾರ್ಟೆಟ್, ಎಂದರೆ ಸಾಮಾನ್ಯವಾಗಿ ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋಗಾಗಿ ಬರೆಯುವ ಕೃತಿ, ಮೊದಲು ನುಡಿದಾಗ ಸಭೆಯಲ್ಲಿ ಗಲಾಟೆಯಾಯಿತು. ಹತ್ತು ವರ್ಷದ ಮೇಲೆ, 1918ರಲ್ಲಿ, ಅವನು ಖಾಸಗಿ ಸಂಗೀತ ಕೂಟವೊಂದನ್ನು ಕಟ್ಟಿದ. ಅಲ್ಲಿ ಚಪ್ಪಾಳೆ ನಿಷಿದ್ಧ, ಪತ್ರಿಕಾ ವಿಮರ್ಶಕರಿಗೆ ಪ್ರವೇಶವಿಲ್ಲ, ಹೊಸ ಕೃತಿಗಳನ್ನು ಮತ್ತೆ ಮತ್ತೆ ನುಡಿಸುವ ಪದ್ಧತಿ. ಹಂಗೇರಿಯ ಬೇಲಾ ಬಾರ್ಟೋಕ್ 1909ರಿಂದ 1939ರ ನಡುವೆ ಆರು ಕ್ವಾರ್ಟೆಟ್‌ಗಳನ್ನು ಮುಗಿಸಿದ. 1928ರ ನಾಲ್ಕನೆಯದರಲ್ಲಿ ಐದು ಭಾಗ. ಮೊದಲನೆಯದು ಐದನೆಯದಕ್ಕೆ, ಎರಡನೆಯದು ನಾಲ್ಕನೆಯದಕ್ಕೆ ಕನ್ನಡಿ. ಮೊದಲ ಕೇಳ್ವೆಯಲ್ಲಿ ಇದು ಯಾರಿಗೂ ಹೊಳೆಯದು, ಏಕೆಂದರೆ ಕನ್ನಡಿ ಕಾಣಬೇಕಾದರೆ ಕೊನೆ ತಲುಪಿದಾಗ ಆರಂಭ ನೆನಪಿರಬೇಕು. ಈ ಕ್ಲಿಷ್ಟತೆ ಬಾರ್ಟೋಕ್‌ಗೆ ಪುಸ್ತಕದಿಂದಷ್ಟೇ ಬಂದದ್ದಲ್ಲ. ಮೇಣದ ಉರುಳೆಯ ಫೋನೋಗ್ರಾಫ್ ಹೊತ್ತು ಹಳ್ಳಿ ತಿರುಗಿ ರೈತರ ಹಾಡು ಸಂಗ್ರಹಿಸಿ, ಆ ಉರುಳೆಗಳನ್ನು ಪದೇ ಪದೇ ಕೇಳಿ ಬರೆದುಕೊಂಡವನು ಅವನು. ಸುಲಭ, ಕಷ್ಟ ಎಂಬ ಗೆರೆ ಹಳ್ಳಿಗೂ ಸಭಾಂಗಣಕ್ಕೂ ನಡುವೆ ಇಲ್ಲ ಎನ್ನಲು ಅವನ ಕಿವಿಯೇ ಸಾಕ್ಷಿ.

ನಮ್ಮ ಸೀಮೆಯ ಸಾಕ್ಷಿ ಇನ್ನೂ ಗಟ್ಟಿ. ವಿಜಯಪುರದಿಂದ ಟಿಕೋಟಾ ರಸ್ತೆ ಹಿಡಿದರೆ ತೊರವಿ ಸಿಗುತ್ತದೆ. ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಕಟ್ಟಲು ಹೊರಟದ್ದು ಅಲ್ಲಿ. 1624ರಲ್ಲಿ ಎದುರಾಳಿ ಸೇನಾನಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಅವಶೇಷ ಈಗಲೂ ಇದೆ. ಇಬ್ರಾಹಿಂ ತನ್ನ ದಖನಿ ಹಾಡುಗಳ ‘ಕಿತಾಬ್-ಎ-ನವರಸ್’ನ್ನು ಕಾನಡಾ, ಭೈರವ, ಮಲ್ಹಾರ ಮೊದಲಾದ ರಾಗಗಳ ಹೆಸರಿನಡಿ ಜೋಡಿಸಿದ. ಅದೇ ತೊರವಿ ಭಾಮಿನಿ ಷಟ್ಪದಿಯ ‘ತೊರವೆ ರಾಮಾಯಣ’ದ ಊರು. ಆದರೆ ನನಗೆ ಮುಖ್ಯವೆನಿಸುವುದು ಸುಲ್ತಾನನಿಗಿಂತ ಹೆಚ್ಚಾಗಿ ಈ ಭಾಗದ ಹರದೇಶಿ-ನಾಗೇಶಿ ಪದಗಳು. ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಜವಾಬು ಕೊಡುತ್ತದೆ. ನಡುವೆ ಕಥೆ, ಉಪಕಥೆ, ತತ್ವ, ಒಡಪು. ಜಾತ್ರೆಯಲ್ಲಿ ಕೂತವರು ಕೇಳಿದ ಸವಾಲನ್ನು ಜವಾಬು ಬರುವತನಕ ತಲೆಯಲ್ಲಿ ಹಿಡಿದಿರುತ್ತಾರೆ, ಜವಾಬು ತಪ್ಪಿದರೆ ತಕ್ಷಣ ಗುರುತಿಸುತ್ತಾರೆ. ಕೇದಾರದ ನೆಗೆತವನ್ನು ಹಿಡಿದುಕೊಂಡು ಬಸಂತದ ಇಳಿಕೆಗಾಗಿ ಕಾಯುವುದಕ್ಕೆ ಬೇಕಾದ ಶಕ್ತಿಯೂ ಇಂಥದ್ದೇ. ಈ ಜನಕ್ಕೆ ಕಷ್ಟದ ಸಂಗೀತ ಹಿಡಿಸದು ಎಂದು ತೀರ್ಮಾನಿಸುವವರು ಅವರ ಕೇಳುವ ಪರಿಯನ್ನು ಗಮನಿಸಿಲ್ಲ.

ಎದುರುವಾದಗಳಲ್ಲಿ ಎರಡಕ್ಕೆ ತೂಕವಿದೆ. ರಸ ತಾನಾಗಿ ಮುಟ್ಟಬೇಕು, ಅಭ್ಯಾಸ ಮಾಡಿ ಮೆಚ್ಚಿದ್ದು ಮೆಚ್ಚಿದಂತಲ್ಲ ಎಂಬುದು ಒಂದು. ಆದರೆ ನಮಗೆ ತಾನಾಗಿ ಮುಟ್ಟಿತು ಎನಿಸುವ ಮಾಲಕಂಸ ಕೂಡ ನೂರು ಸಲ ಕಿವಿಗೆ ಬಿದ್ದದ್ದು; ಆ ಅಭ್ಯಾಸ ಬಾಲ್ಯದಲ್ಲಿ ನಡೆದುಹೋದ್ದರಿಂದ ಲೆಕ್ಕಕ್ಕೆ ಬಂದಿಲ್ಲ, ಅಷ್ಟೇ. ಎರಡನೆಯದು ಹೆಚ್ಚು ಗಂಭೀರ. ಈ ಗಾಯನ ಆ ಹೊತ್ತಿಗೆ ಹುಟ್ಟುವಂಥದು, ಮುದ್ರಿಕೆ ಅದನ್ನು ಕಟ್ಟಿಹಾಕುತ್ತದೆ. ಕೇಳುಗ ಒಂದೇ ಪ್ರತಿಗೆ ಒಗ್ಗಿಹೋಗಿ ರಾಗವೆಂದರೆ ಅದೇ ಎಂದುಕೊಳ್ಳುತ್ತಾನೆ. ಇದು ನಿಜ. ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷದ ಆಚೀಚೆ ಜಾಗ. ರಾಗ ಅಲ್ಲಿ ಚಹರೆ ತೋರಿಸಬಲ್ಲದು, ಸಂಸಾರ ಮಾಡಲಾರದು. ಆದರೂ ಇದೇ ಘರಾಣೆಯ ಕೇಸರಬಾಯಿ ಕೇರಕರರ ಹಳೆಯ ತಟ್ಟೆಗಳಲ್ಲಿ ಚಹರೆ ಎಷ್ಟು ಸ್ಫುಟ! ಅವರು ಹಾಡಿದ ಭೈರವಿ 1977ರಲ್ಲಿ ವಾಯೇಜರ್ ನೌಕೆಯೊಂದಿಗೆ ಅಂತರಿಕ್ಷಕ್ಕೂ ಹೋಯಿತು. ಮನ್ಸೂರರ ದೀರ್ಘ ಮುದ್ರಿಕೆಗಳಲ್ಲಿ ರಾಗಕ್ಕೆ ಉಸಿರಾಡುವ ಜಾಗ ಸಿಕ್ಕಿತು. ಒಂದೇ ರಾಗವನ್ನು ಇಬ್ಬರು ಮೂವರ ದನಿಯಲ್ಲಿ ಕೇಳಿದರೆ ಕಟ್ಟು ತಾನೇ ಸಡಿಲವಾಗುತ್ತದೆ. ಯಾವುದು ರಾಗದ್ದು, ಯಾವುದು ಗಾಯಕರದ್ದು ಎಂಬುದು ಬೇರ್ಪಡತೊಡಗುತ್ತದೆ.

ಘರಾಣೆಯ ದೋಷವನ್ನೂ ಹೇಳಲೇಬೇಕು. ರಾಗಗಳನ್ನು ಬಚ್ಚಿಟ್ಟುಕೊಳ್ಳುವ ಬುದ್ಧಿ ಈ ಪರಂಪರೆಗೆ ಅಂಟಿಕೊಂಡೇ ಬಂತು. ಕದ್ದುಹೋದೀತು ಎಂಬ ಭಯದಲ್ಲಿ ಮುಚ್ಚಿಟ್ಟದ್ದೆಷ್ಟೋ ಮುಚ್ಚಿಟ್ಟವರೊಂದಿಗೇ ಹೋಯಿತು. ಇನ್ನು ಕೆಲವರ ಬಾಯಲ್ಲಿ ಅಪರೂಪದ ಹೆಸರೇ ಬಂಡವಾಳವಾಗಿ, ಕಸಿಯ ಗಂಟು ಬಿಗಿಯದೆ ಎರಡು ರಾಗಗಳು ಸರದಿಯಲ್ಲಿ ಬಂದು ಹೋಗುತ್ತವೆ. ಅಲ್ಲಿ ಕೇಳುಗನಿಗೆ ಆಗುವ ಆಯಾಸಕ್ಕೆ ಕೇಳುಗ ಹೊಣೆಯಲ್ಲ. ಕಷ್ಟವೇ ಗುಣವೆಂದು ನಾನು ಹೇಳುತ್ತಿಲ್ಲ. ಮತ್ತೆ ಕೇಳಿದಾಗ ಹೊಸದೇನಾದರೂ ಕೊಡುವ ಕಷ್ಟ ಬೇರೆ, ಪ್ರತಿ ಸಲವೂ ಅಷ್ಟೇ ಮಬ್ಬಾಗಿ ಉಳಿಯುವ ಕಷ್ಟ ಬೇರೆ, ಮತ್ತು ಇವೆರಡನ್ನು ವಿಂಗಡಿಸಲು ಮರುಕೇಳ್ವೆಗಿಂತ ನೇರವಾದ ಪರೀಕ್ಷೆ ನನಗೆ ಕಂಡಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಸಂಪ್ರದಾಯಸ್ಥರಿಗೆ ರುಚಿಸಲಿಕ್ಕಿಲ್ಲ. ಕಿಶೋರಿ ಅಮೋಣಕರರು ಜೈಪುರದ ನಡೆಯನ್ನು ನಿಧಾನಗೊಳಿಸಿ ಆಲಾಪವನ್ನು ಹಿಗ್ಗಿಸಿದರೆಂದು ಆಕ್ಷೇಪಿಸುವವರು ಬಹಳ. ಕಿರಾಣಾದಲ್ಲಿ ಪಳಗಿದ ನಮ್ಮ ಕಿವಿಗೆ ಆ ನಿಧಾನವೇ ಸೇತುವೆ. ಅವರ ಸಂಪೂರ್ಣ ಮಾಲಕಂಸವನ್ನು ವಾರಗಟ್ಟಲೆ ಕೇಳಬೇಕು, ಪಂಚಮ ಯಾವ ಸ್ವರದ ಆಸರೆಯಿಂದ ಬರುತ್ತದೆ, ಯಾವುದರ ಕಡೆ ಇಳಿಯುತ್ತದೆ ಎಂದು ಹಿಂಬಾಲಿಸುತ್ತ. ಆಮೇಲೆ ಮನ್ಸೂರರ ಕಡೆ ಬಂದರೆ ಅವರ ವೇಗ ಬೆದರಿಸುವುದಿಲ್ಲ. ಒಂದು ದಿನ ಎಂದಿನ ಐದು ಸ್ವರಗಳ ಮಾಲಕಂಸ ಕೇಳುವಾಗ ಮಧ್ಯಮಕ್ಕೂ ಧೈವತಕ್ಕೂ ನಡುವೆ ಖಾಲಿ ಬಿಟ್ಟ ಜಾಗ ಮೊದಲ ಬಾರಿಗೆ ಕೇಳಿಸುತ್ತದೆ.