ಎರಡಾದ ಕೆಂಪು ಸ್ಕಾರ್ಫ್

1878. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದಲ್ಲಿ ಬಿರುಗಾಳಿಯ ರಾತ್ರಿ. ಫ್ರಾನ್ಸ್‌ನಿಂದ ಗಡೀಪಾರಾಗಿ ಬಂದಿದ್ದ ಶಾಲಾಶಿಕ್ಷಕಿ ಲೂಯಿಸ್ ಮಿಶೆಲ್‌ಳ ಬಳಿಗೆ ಇಬ್ಬರು ಗೆಳೆಯರು ಬರುತ್ತಾರೆ. ಅಲ್ಲಿನ ಮೂಲನಿವಾಸಿಗಳಾದ ಕನಾಕರು. ನೆಲ ಕಸಿದುಕೊಂಡ ಬಿಳಿಯರ ಮೇಲೆ ದಂಗೆಯೆದ್ದ ತಮ್ಮವರನ್ನು ಸೇರಿಕೊಳ್ಳುವ ಮುನ್ನ ಹೋಗಿಬರುತ್ತೇವೆಂದು ಹೇಳಲು. ಆಕೆಯ ಬಳಿ ಒಂದು ಕೆಂಪು ಸ್ಕಾರ್ಫ್ ಇದೆ. 1871ರಲ್ಲಿ ಪ್ಯಾರಿಸ್ಸಿನ ಜನ ದಂಗೆಯೆದ್ದು ಕಟ್ಟಿದ ಕಮ್ಯೂನ್ ಆಡಳಿತದ ಕಾಲದ್ದು. ಎಷ್ಟೋ ತಪಾಸಣೆಗಳ ಕಣ್ಣು ತಪ್ಪಿಸಿ ಉಳಿಸಿಕೊಂಡದ್ದು. ಅದನ್ನು ಎರಡು ಮಾಡಿ ಇಬ್ಬರಿಗೂ ಕೊಡುತ್ತಾಳೆ.

1886ರಲ್ಲಿ ಅಚ್ಚಾದ ಆಕೆಯ ಆತ್ಮಕಥೆಯಲ್ಲಿ ಈ ಪ್ರಸಂಗಕ್ಕೆ ಕೆಲವೇ ಸಾಲು. ನಾನಂತೂ ಅಲ್ಲಿಂದ ಬೇಗ ಏಳಲಾರೆ. ಪ್ಯಾರಿಸ್ಸಿನಲ್ಲಿ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದಿದ್ದ ಗಡೀಪಾರಾದ ಎಷ್ಟೋ ಜನ ಆ ದ್ವೀಪದಲ್ಲಿ ಸರ್ಕಾರದ ಕಡೆಗೇ ವಾಲಿದ್ದರು. ಕನಾಕರ ದಂಗೆಯಲ್ಲಿ ತನ್ನ ಕಮ್ಯೂನನ್ನೇ ಕಂಡವಳು ಈಕೆ. ಅವರಿಗೆ ಪಾಠ ಹೇಳಿದಳು, ಅವರ ಕಥೆಗಳನ್ನು ಕೇಳಿ ಬರೆದುಕೊಂಡಳು.

ಈ ಮನಸ್ಸು ಎಲ್ಲಿ ಮೊಳೆಯಿತು? ಹುಟ್ಟೂರು ವ್ರೊಂಕೂರಿನ ಬಾಲ್ಯದ ಪುಟಗಳಲ್ಲಿ ಉತ್ತರವಿದೆ. ರೈತರು ಕಪ್ಪೆಗಳನ್ನು ಎರಡಾಗಿ ಕತ್ತರಿಸಿ ಬಿಡುತ್ತಿದ್ದರು. ಅರ್ಧ ದೇಹ ಬಿಸಿಲಲ್ಲಿ ತೆವಳುತ್ತಿತ್ತು. ಬಲಿಷ್ಠರ ಮೇಲಿನ ತನ್ನ ಸಿಟ್ಟಿಗೆ ಪ್ರಾಣಿಗಳ ಈ ನೋವೇ ಮೂಲ ಎಂದು ಆಕೆ ನೆನೆಯುತ್ತಾಳೆ. ಮುಂದೆ ಕಮ್ಯೂನಿನ ದಿನಗಳಲ್ಲಿ, ಪ್ಯಾರಿಸ್ ಬಳಿಯ ನ್ಯೂಯಿಯ ಬ್ಯಾರಿಕೇಡಿನ ಹತ್ತಿರ, ಹೋರಾಟದ ನಡುವೆಯೇ, ಅಪಾಯದಲ್ಲಿದ್ದ ಬೆಕ್ಕೊಂದನ್ನು ಎತ್ತಿತರಲು ಓಡಿದ್ದಳು. ಮನುಷ್ಯರಿಗಿಂತ ಪ್ರಾಣಿ ಹೆಚ್ಚಾಯಿತೇ ಎಂದು ಜೊತೆಗಾರರು ಆಕ್ಷೇಪಿಸಿದರು. ಆಕೆಗೆ ಅವೆರಡೂ ಬೇರೆಯಾಗಿರಲೇ ಇಲ್ಲ. ವೀರರಸಕ್ಕೂ ಕರುಣರಸಕ್ಕೂ ನಾವು ಬೇರೆ ಬೇರೆ ಸ್ಥಾಯಿಭಾವ ಹೇಳುತ್ತೇವೆ. ಈ ಹೆಂಗಸಿನಲ್ಲಿ ಕರುಣವೇ ಕುದಿದು ವೀರವಾಗಿದೆ. ಕಮ್ಯೂನ್ ಸೋತ ಮೇಲೆ ಮರಣದಂಡನೆ ಕೊಡಿ ಎಂದು ಸೈನಿಕ ನ್ಯಾಯಾಲಯಕ್ಕೇ ಸವಾಲು ಹಾಕಿದ ಧೈರ್ಯದ ಬುಡದಲ್ಲಿಯೂ ಆ ಕಪ್ಪೆಗಳಿವೆ.

1873ರಲ್ಲಿ 'ವರ್ಜಿನಿ' ಹಡಗು ಆಕೆಯನ್ನು ಪಂಜರದೊಳಗಿಟ್ಟು ನ್ಯೂ ಕ್ಯಾಲೆಡೋನಿಯಾದತ್ತ ನಾಲ್ಕು ತಿಂಗಳು ಸಾಗಿತು. ಸಹಕೈದಿ ನತಾಲಿ ಲೆಮೆಲ್ ಜೊತೆ ಅಲ್ಲೇ ಮಾತು ಬೆಳೆಯಿತು: ಒಳ್ಳೆಯವರ ಕೈಯಲ್ಲಿಯೂ ಅಧಿಕಾರ ಕೆಡುತ್ತದೆ, ಯಾರೂ ಯಾರನ್ನೂ ಆಳಬಾರದು. ಹಡಗು ಹತ್ತುವಾಗ ಕಮ್ಯೂನಿನವಳು, ಇಳಿಯುವಾಗ ಅರಾಜಕತಾವಾದಿ. ಹೆಣ್ಣು ಗಂಡಿನ ಆಳಲ್ಲ ಎಂಬ ಆಕೆಯ ಮಾತೂ ಇದೇ ಬೇರಿನ ಕೊಂಬೆ.

1880ರ ಕ್ಷಮಾದಾನದಲ್ಲಿ ಪ್ಯಾರಿಸ್ಸಿಗೆ ಮರಳಿದಳು. 1883ರಲ್ಲಿ ನಿರುದ್ಯೋಗಿಗಳ ಮೆರವಣಿಗೆಯ ಮುಂದೆ ಕಪ್ಪು ಬಾವುಟ ಹಿಡಿದು ನಡೆದಳು, ಮತ್ತೆ ಜೈಲು ಸೇರಿದಳು. ಚರಿತ್ರೆಗೆ ಆ ಬಾವುಟದ ನೆನಪು ಹೆಚ್ಚು. ನನಗೆ ಆ ಸ್ಕಾರ್ಫೇ ಹೆಚ್ಚು. ಬಾವುಟವನ್ನು ಎತ್ತಿ ಹಿಡಿಯಬೇಕು. ಸ್ಕಾರ್ಫನ್ನು ಆಕೆ ಕೊಟ್ಟುಬಿಟ್ಟಳು, ತನಗೆಂದು ಒಂದೆಳೆಯನ್ನೂ ಇಟ್ಟುಕೊಳ್ಳದೆ.