ಯುದ್ಧಕಾಲದ ಛಾಯಾಚಿತ್ರಗಳು ಮತ್ತು ವಾಹನಪರೀಕ್ಷೆ

ಕಾವ್ಯವೊಂದರ ಕಾಲವನ್ನು ನಿರ್ಣಯಿಸುವಾಗ ವಿಮರ್ಶಕನು ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದ ಮಾತನ್ನಷ್ಟೇ ನಂಬಿ ಕೂಡುವದಿಲ್ಲ. ಭಾಷೆ, ಛಂದಸ್ಸು, ಪಾಠಭೇದಗಳನ್ನು ಒರೆಗೆ ಹಚ್ಚಿ ನೋಡುತ್ತಾನೆ. ಹಳೆಯ ಛಾಯಾಚಿತ್ರಗಳ ವಿಷಯದಲ್ಲಿ ಮಾತ್ರ ಈ ಎಚ್ಚರವು ಅಪರೂಪ. ಅಡಿಯಲ್ಲಿ ಯಾರೋ ಬರೆದಿಟ್ಟ ಒಂದು ಸಾಲೇ ವೇದವಾಕ್ಯವಾಗಿಬಿಡುತ್ತದೆ.

ಬೆಳಗಾವಿಯು 1922ರಿಂದ ಮರಾಠಾ ಪದಾತಿದಳದ ತರಬೇತಿಯ ನೆಲೆ. ಎರಡನೆಯ ಮಹಾಯುದ್ಧದಲ್ಲಿ ಈ ದಳದವರು 1941ರಲ್ಲಿ ಎರಿಟ್ರಿಯದ ಕೆರೆನ್ ಎಂಬಲ್ಲಿಯೂ, ಮುಂದೆ ಇಟಲಿಯಲ್ಲಿಯೂ ಕಾದಿದರು. ಇಟಲಿಯ ರಣದಲ್ಲಿ 1944ರಲ್ಲಿ ನಾಯಕ ಯಶವಂತ ಘಾಡಗೆ, 1945ರಲ್ಲಿ ಸಿಪಾಯಿ ನಾಮದೇವ ಜಾಧವ ಇವರು ತೋರಿದ ಪರಾಕ್ರಮಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ಮೊದಲನೆಯವರಿಗೆ ಅದು ಮರಣೋತ್ತರವಾಗಿ. ಇಂಥ ದಳದ ನೆರೆಯಲ್ಲಿರುವ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳೆಯ ಮನೆಯೊಂದರಲ್ಲಿ ಮೋಟಾರಿನ ಪಕ್ಕದಲ್ಲಿ ನಿಂತ ಸಿಪಾಯಿಯ ಚಿತ್ರವು ದೊರೆತರೆ ಆಶ್ಚರ್ಯವೇನು? ಅದು ಯಾವ ವರುಷದ್ದೆಂದು ಹೇಳಬಲ್ಲ ಹಿರಿಯರು ಉಳಿದಿರದಿದ್ದರೆ, ಸಾಕ್ಷಿ ನುಡಿಯಬಲ್ಲದ್ದು ಆ ವಾಹನವೇ.

ಸಾಕ್ಷಿಯನ್ನು ವಿಚಾರಿಸಲಿಕ್ಕೂ ಒಂದು ಶಾಸ್ತ್ರವುಂಟು. ‘ಕೊಂಬುಳ್ಳದ್ದು ಆಕಳು’ ಎಂದರೆ ಎಮ್ಮೆಯೂ ಆಕಳಾಗಿ ಅತಿವ್ಯಾಪ್ತಿಯಾಗುವದು. ‘ಕಪಿಲವರ್ಣದ್ದು ಆಕಳು’ ಎಂದರೆ ಬಿಳಿಯ ಆಕಳು ಹೊರಗುಳಿದು ಅವ್ಯಾಪ್ತಿಯಾಗುವದು. ವಾಹನಗಳ ಲಕ್ಷಣದಲ್ಲಿ ಈ ಎರಡು ದೋಷಗಳೂ ಹೇರಳವಾಗಿವೆ. ‘ಜೀಪು ಇದ್ದರೆ ಯುದ್ಧಕಾಲದ ಚಿತ್ರ’ ಎಂಬದು ಅತಿವ್ಯಾಪ್ತಿ. ಏಕೆಂದರೆ ಸ್ವಾತಂತ್ರ್ಯದ ತರುವಾಯ ಮುಂಬಯಿಯಲ್ಲಿ ಮಹೀಂದ್ರ ಕಂಪನಿಯವರು ಜೋಡಿಸಿದ ಜೀಪುಗಳು ಸರಕಾರಿ ಕಚೇರಿಗಳಲ್ಲಿ ಬಹುಕಾಲ ಓಡಾಡಿದವು. ಯುದ್ಧಕ್ಕಾಗಿ ವಿಲೀಸ್ ಮತ್ತು ಫೋರ್ಡ್ ಕಂಪನಿಗಳು ಮಾಡಿದ ಜೀಪಿನ ಮುಂಬದಿಯ ತಗಡಿನ ಜಾಲರಿಯಲ್ಲಿ 9 ಸೀಳುಗಳಿದ್ದು, ಚಿಕ್ಕ ದೀಪಗಳು ಒಳಕ್ಕೆ ಹುದುಗಿರುವವು. ಯುದ್ಧಾನಂತರದ ನಾಗರಿಕ ಜೀಪಿನಲ್ಲಿ ಸೀಳುಗಳು 7, ದೊಡ್ಡ ದೀಪಗಳು ಹೊರಕ್ಕೆ ಉಬ್ಬಿರುವವು. ಆದರೆ ‘9 ಸೀಳಿಲ್ಲದ್ದು ಯುದ್ಧದ ಜೀಪಲ್ಲ’ ಎಂದರೆ ಅವ್ಯಾಪ್ತಿ. ಮೊದಮೊದಲಿನ ವಿಲೀಸ್ ಜೀಪುಗಳಿಗೆ ಕಬ್ಬಿಣದ ಪಟ್ಟಿಗಳನ್ನು ಬೆಸೆದ ಜಾಲರಿಯಿತ್ತು.

ಬಿಳಿಯ ನಕ್ಷತ್ರವನ್ನು ಕಂಡು ‘ಅಮೇರಿಕದ ಸೈನ್ಯ’ವೆನ್ನುವದೂ ಸಲ್ಲದು, ಅದು ಮಿತ್ರರಾಷ್ಟ್ರಗಳ ಸಾಮಾನ್ಯ ಗುರುತಾಗಿ ಬ್ರಿಟಿಷ್ ಪಡೆಗಳ ವಾಹನಗಳ ಮೇಲೂ ಇತ್ತು. ನಂಬರಿನ ಮುಂದಣ ಅಕ್ಷರವು ಹೆಚ್ಚು ವಿಶ್ವಾಸಾರ್ಹ: ಬ್ರಿಟಿಷ್ ಸೇನೆಯಲ್ಲಿ ‘ಎಲ್’ ಲಾರಿಗೆ, ‘ಝಡ್’ ಸಣ್ಣ ಟ್ರಕ್ಕಿಗೆ, ‘ಎಂ’ ಕಾರಿಗೆ, ‘ಸಿ’ ಮೋಟಾರು ಸೈಕಲ್ಲಿಗೆ. ಉಕ್ಕಿನ ಕವಚವಿದ್ದುದೆಲ್ಲ ಟ್ಯಾಂಕಲ್ಲ. ನಾಲ್ಕು ಗಾಲಿಗಳ ‘ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್’ ಕೆನಡಾದ ಫೋರ್ಡ್ ಚಾಸಿಸ್ಸಿನ ಮೇಲೆ ಭಾರತದಲ್ಲಿಯೇ ಕವಚ ತೊಟ್ಟಿತು. ‘ಟಾಟಾನಗರ’ವೆಂಬ ಅಡ್ಡಹೆಸರೂ ಅದಕ್ಕೆ ಬಂದಿತು. ಅದನ್ನು ಟ್ಯಾಂಕೆಂದು ಕರೆದರೆ ಈ ದೇಶದ ಕೆಲಸಗಾರರ ಕೈವಾಡವೇ ಮರೆಯಾಗುವದು.

ಇಷ್ಟಾದರೂ ವಾಹನವು ಹೇಳುವದು ಅರ್ಧ ಮಾತು. ಪಂಪನನ್ನು ಹೆಸರಿಸುವ ಕವಿಯು ಪಂಪನಿಗಿಂತ ಹಿಂದಿನವನಲ್ಲವೆಂದು ಸಿದ್ಧವಾಗುವದೇ ಹೊರತು, ಎಷ್ಟು ಈಚಿನವನೆಂಬದು ಸಿದ್ಧವಾಗದು. ಅದರಂತೆ 9 ಸೀಳಿನ ಜೀಪು ಚಿತ್ರವನ್ನು 1942ಕ್ಕಿಂತ ಹಿಂದಕ್ಕೆ ಹೋಗಗೊಡದು. ಮುಂದಿನ ಎಲ್ಲೆಯನ್ನು ಸಮವಸ್ತ್ರ, ಬಿಲ್ಲೆ, ನಂಬರಿನ ಫಲಕಗಳಿಂದ ಹುಡುಕಬೇಕು. ಯುದ್ಧವು ಮುಗಿದ ಮೇಲೆ ಸೇನೆಯ ಎಷ್ಟೋ ವಾಹನಗಳು ಮಾರಾಟವಾಗಿ ಊರ ಹಾದಿಗಳಲ್ಲಿ ಓಡಿದವಷ್ಟೆ. ಪದಕಗಳು ಬಲದ ಎದೆಯ ಮೇಲೆ ಕಂಡರೆ ಚಿತ್ರವೇ ತಿರುವುಮುರುವಾಗಿ ಅಚ್ಚಾಗಿದೆಯೇ ಎಂದು ಮೊದಲು ಸಂಶಯಪಡತಕ್ಕದ್ದು.

‘ಕೆರೆನ್, 1941’ ಎಂಬ ಅಡಿಬರಹದ ಮೇಲೆ ಅಂಥ ಜೀಪು ನಿಂತಿದ್ದರೆ, ತಪ್ಪಿದ್ದು ಬರಹವೇ. ಹಾಗೆಂದು ಮನೆತನದವರು ವ್ಯಸನಪಡಬೇಕಾಗಿಲ್ಲ. ಆ ಸಿಪಾಯಿಯು ಇಟಲಿಯ ಕೆಸರಿನಲ್ಲಿ ನಡೆದಿದ್ದರೆ ಅವನಿಗೆ ಕೆರೆನ್ನಿನ ಕೀರ್ತಿಯ ಸಾಲ ಬೇಕಿಲ್ಲ. ಇನ್ನೊಬ್ಬರ ಯುದ್ಧವನ್ನು ಅವನಿಗೆ ಕಟ್ಟುವದರಿಂದ ಅವನದೇ ಕಷ್ಟವು ಅಳಿಸಿಹೋಗುವದು. ಆದರೂ ಹಳೆಯ ಬರಹವನ್ನು ಕೆರೆದುಹಾಕಬಾರದು. ಗ್ರಂಥಸಂಪಾದಕನು ತಳ್ಳಿದ ಪಾಠವನ್ನೂ ಅಡಿಯಲ್ಲಿ ಕಾದಿಡುವಂತೆ ಅದನ್ನು ಹಾಗೆಯೇ ಉಳಿಸಿ, ಚಿತ್ರದೊಡನೆ ಬೇರೊಂದು ಕಾಗದದಲ್ಲಿ ತಿದ್ದುಪಡಿಯನ್ನೂ ಅದರ ಕಾರಣವನ್ನೂ ಬರೆದಿಡುವದು ಉಚಿತ.