ಎಂಜಿನ್ನಿನ ಉಸಿರು ಬಲ್ಲ ಕಿವಿ

ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯ ಹಳೇ ಮೆಕ್ಯಾನಿಕ್ಕುಗಳ ಕಾರ್ಬ್ಯುರೇಟರ್ ಟ್ಯೂನಿಂಗ್ ನನಗೆ ಬಲು ಮೆಚ್ಚು. 796 ಸಿಸಿಯ ಹಳೇ ಮಾರುತಿ 800 ತಂದು ನಿಲ್ಲಿಸಿದರೆ ಮೊದಲು ಏರ್ ಫಿಲ್ಟರಿನ ಧೂಳು ಕೊಡವುತ್ತಾರೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಾರೆ. ತುದಿ ಮಸಿಗಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು, ತಿಳಿಗಂದು ಇದ್ದರೆ ಹದ. ಎಂಜಿನ್ ಬಿಸಿಯಾದ ಮೇಲೆ ಸದ್ದು ಆಲಿಸುತ್ತ ಮಿಕ್ಸ್ಚರ್ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಎಂಬ ಲೆಕ್ಕದ ಸಮೀಪಕ್ಕೆ ಅವರ ಕಿವಿಯೇ ಒಯ್ಯುತ್ತದೆ.

ಇಂದಿನ ಕಾರುಗಳಲ್ಲಿ ಅದೇ ಕೆಲಸ ಆಕ್ಸಿಜನ್ ಸೆನ್ಸರು ಮತ್ತು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನದು. ಅಲ್ಲಿ ಸ್ಕ್ಯಾನರ್ ಹಾಕಿ ದೋಷ ಹುಡುಕುವುದೇ ಸರಿ. ಯಾವ ಗಾಡಿಗೆ ಯಾವ ದಾರಿ ಎಂದು ಅರಿತವರೇ ನಿಜವಾದ ಕಸುಬುದಾರರು.